ಅರ್ಧ ಕೆಜಿ ಕೊಬ್ಬರಿ ಅಂದರೆ ಎಷ್ಟು ಕಪ್? ಒಣಹಣ್ಣುಗಳ ತೂಕವನ್ನು ಕಪ್ ಅಳತೆಗೆ ತರುವ ಸಮಗ್ರ ಮಾರ್ಗದರ್ಶಿ

ಕಳೆದ ವರ್ಷ ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ನಾದಿನಿಗೆ ಹೆರಿಗೆಯಾಯಿತು. ಬಾಣಂತಿಗೆ ಅಂಟಿನುಂಡೆ ಕಟ್ಟಿಕೊಡಬೇಕು ಅಂತ ತಂಗಿಗೆ ಆಸೆ. ಅಮ್ಮ ಹೇಳಿದ ಅಳತೆಯನ್ನು ನಾನು ಧಾರವಾಡದಿಂದ ಬರೆದು ಕಳಿಸಿದೆ: ಒಣಕೊಬ್ಬರಿ ಅರ್ಧ ಕೆಜಿ, ಉತ್ತತ್ತಿ ಕಾಲು ಕೆಜಿ, ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ತಲಾ 100 ಗ್ರಾಂ, ಗಸಗಸೆ 50 ಗ್ರಾಂ, ಅಂಟು 100 ಗ್ರಾಂ, ಬೆಲ್ಲ ಅರ್ಧ ಕೆಜಿ. ಅವಳ ಮನೆಯಲ್ಲಿ ತಕ್ಕಡಿ ಇಲ್ಲ, ಅಳತೆಯ ಕಪ್‌ಗಳಿವೆ. ಒಂದು ಕಪ್ ಅಂದರೆ 240 ಅಂತ ಎಲ್ಲೋ ಓದಿ ನೆನಪಿಟ್ಟುಕೊಂಡಿದ್ದಳು. ಆ ಲೆಕ್ಕದಲ್ಲಿ ಅರ್ಧ ಕೆಜಿ ಕೊಬ್ಬರಿಗೆ ಎರಡು ಕಪ್ ಹಾಕಿದಳು. ಬೆಲ್ಲದ ಪ್ಯಾಕೆಟ್ ಮೇಲೆ ತೂಕ ಬರೆದಿತ್ತಲ್ಲ, ಅದನ್ನು ಮಾತ್ರ ಸರಿಯಾಗಿ ಅರ್ಧ ಕೆಜಿ ಹಾಕಿದಳು.

ಮರುದಿನ ಫೋನ್ ಬಂತು. "ಅಕ್ಕಾ, ಉಂಡಿ ಕಲ್ಲಾಗ್ಯಾವ ನೋಡು."

ಆಗದೇ ಇರುತ್ತದೆಯೇ? ಅವಳು ಹಾಕಿದ ಎರಡು ಕಪ್ ಕೊಬ್ಬರಿ ತುರಿ ಸುಮಾರು 160 ಗ್ರಾಂ ಅಷ್ಟೇ. ಬೇಕಿದ್ದದ್ದು ಆರು ಕಪ್ಪಿಗಿಂತ ಜಾಸ್ತಿ. ಮೂರು ಪಟ್ಟು ಬೆಲ್ಲದ ಪಾಕದಲ್ಲಿ ಒಂದಿಷ್ಟು ಕೊಬ್ಬರಿ ಮುಳುಗಿ, ಆರಿದ ಮೇಲೆ ಗಟ್ಟಿಯಾಯಿತು. ಪಾಪ, ಅವಳ ಕೈಯಲ್ಲಿ ಏನೂ ತಪ್ಪಿರಲಿಲ್ಲ. 240 ಅನ್ನುವುದು ಮಿಲಿಲೀಟರ್, ಗ್ರಾಂ ಅಲ್ಲ. ನೀರಿಗೆ ಮಾತ್ರ ಎರಡೂ ಒಂದೇ ಆಗುತ್ತದೆ. ಕೊಬ್ಬರಿಗೆ ಆಗುವುದಿಲ್ಲ, ದ್ರಾಕ್ಷಿಗೆ ಆಗುವುದಿಲ್ಲ, ಗೋಡಂಬಿಗೂ ಆಗುವುದಿಲ್ಲ.

ಅವತ್ತಿನಿಂದ ನಾನು ಇದನ್ನು ಮನಸ್ಸಿಟ್ಟು ಕಲಿತೆ. ಮನೆಯಲ್ಲಿ ತೂಗಿ, ಅಳೆದು, ಬರೆದಿಟ್ಟುಕೊಂಡೆ. ನಮ್ಮ ಅಡುಗೆಗೆ ಬೇಕಾಗುವ ಒಣಹಣ್ಣುಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ನಮ್ಮ ಅಂಗಡಿಗಳಲ್ಲಿ ದ್ರಾಕ್ಷಿ, ಖರ್ಜೂರದ ಜೊತೆ ಗೋಡಂಬಿ, ಬಾದಾಮಿಯೂ "ಡ್ರೈ ಫ್ರೂಟ್ಸ್" ಲೆಕ್ಕಕ್ಕೇ ಬರುವುದರಿಂದ ಅವನ್ನೂ ಸೇರಿಸಿದ್ದೇನೆ.

## ಮೊದಲು ಇದೊಂದು ಪ್ರಯೋಗ ಮಾಡಿ ನೋಡಿ

ಒಂದು ಕಪ್, ಒಂದು ಬಟ್ಟಲು ಒಣದ್ರಾಕ್ಷಿ, ಒಂದು ಅಡುಗೆಮನೆ ತಕ್ಕಡಿ. ನಾನು ಹೀಗೆ ಮಾಡಿದೆ. 240 ಮಿ.ಲೀ. ಕಪ್ಪನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದೆ. ದ್ರಾಕ್ಷಿಯನ್ನು ಬೆರಳಲ್ಲಿ ಬಿಡಿಸಿ, ಚಮಚದಿಂದ ಸುಮ್ನೆ ಸುರಿಯುತ್ತಾ ಬಂದೆ. ಕಪ್ಪಿನ ಬಾಯಿಗಿಂತ ಮೇಲೆದ್ದದ್ದನ್ನು ಚಾಕುವಿನ ಬೆನ್ನಿನಿಂದ ಸವರಿ ತೆಗೆದೆ. 144 ಗ್ರಾಂ ತೋರಿಸಿತು. ಅದೇ ಕಪ್ಪನ್ನು ಕಟ್ಟೆಯ ಮೇಲೆ ನಾಲ್ಕು ಸಲ ಮೆಲ್ಲಗೆ ಕುಟ್ಟಿದೆ. ದ್ರಾಕ್ಷಿ ಕೆಳಗಿಳಿದು ಮೇಲೆ ಜಾಗವಾಯಿತು. ಆ ಜಾಗ ತುಂಬಿಸಿ ನೋಡಿದರೆ 153. ಕೊನೆಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. 166.

ಕಪ್ ಅದೇ, ದ್ರಾಕ್ಷಿ ಅದೇ, ಕೈ ಮಾತ್ರ ಬೇರೆ ಬೇರೆ ರೀತಿ ಕೆಲಸ ಮಾಡಿತು. ಅಷ್ಟಕ್ಕೇ 22 ಗ್ರಾಂ ವ್ಯತ್ಯಾಸ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲೂ ಒಂದು ಕಪ್ ಒಣದ್ರಾಕ್ಷಿಗೆ ಎರಡು ಅಂಕಿ ಇವೆ: ಸಡಿಲವಾಗಿ ತುಂಬಿದರೆ 145 ಗ್ರಾಂ, ಒತ್ತಿ ತುಂಬಿದರೆ 165 ಗ್ರಾಂ.

ಕಪ್ ಅಳೆಯುವುದು ಜಾಗವನ್ನು. ಆ ಜಾಗದಲ್ಲಿ ಹಣ್ಣೂ ಇರುತ್ತದೆ, ಹಣ್ಣುಗಳ ಸಂದಿಯಲ್ಲಿ ಗಾಳಿಯೂ ಇರುತ್ತದೆ. ಗಾಳಿ ಎಷ್ಟು ಅನ್ನುವುದು ಹಣ್ಣಿನ ಗಾತ್ರ, ಆಕಾರ, ಅಂಟುಗುಣ, ನೀವು ತುಂಬುವ ರೀತಿ ಎಲ್ಲದರ ಮೇಲೂ ನಿಂತಿದೆ. ಹಾಗಾಗಿ ಎಲ್ಲ ಹಣ್ಣಿಗೂ ಹೊಂದುವ ಒಂದೇ ಸೂತ್ರ ಸಿಗುವುದಿಲ್ಲ. ಹಣ್ಣಿಗೊಂದು ಅಂಕಿ ಬೇಕು, ಆ ಅಂಕಿ ಯಾವ ಸ್ಥಿತಿಯ ಹಣ್ಣಿಗೆ ಅನ್ನುವುದೂ ಗೊತ್ತಿರಬೇಕು.

## ಹಂತ 1: ಹಣ್ಣು ಯಾವ ಸ್ಥಿತಿಯಲ್ಲಿದ್ದಾಗ ಅಳೆಯಬೇಕು?

ಜಾಸ್ತಿ ಜನ ಎಡವುವುದು ಇಲ್ಲೇ. ಈ ಎರಡು ವಾಕ್ಯ ಓದಿ.

"ಒಂದು ಕಪ್ ಬಾದಾಮಿ ಪುಡಿ ಮಾಡಿಕೊಳ್ಳಿ."
"ಬಾದಾಮಿ ಪುಡಿ ಒಂದು ಕಪ್."

ಮೊದಲನೆಯದರಲ್ಲಿ ಇಡೀ ಬಾದಾಮಿಯನ್ನು ಕಪ್ಪಿನಲ್ಲಿ ಅಳೆದು ಆಮೇಲೆ ಪುಡಿ ಮಾಡಬೇಕು. ಎರಡನೆಯದರಲ್ಲಿ ಪುಡಿ ಮಾಡಿದ ಮೇಲೆ ಅಳೆಯಬೇಕು. ಒಂದು ಕಪ್ ಇಡೀ ಬಾದಾಮಿ 143 ಗ್ರಾಂ ತೂಗುತ್ತದೆ. ಒಂದು ಕಪ್ ಬಾದಾಮಿ ಪುಡಿ 95 ಗ್ರಾಂ ಅಷ್ಟೇ. ಅಂದರೆ ಒಂದು ಕಪ್ ಇಡೀ ಬಾದಾಮಿ ಪುಡಿಯಾದರೆ ಒಂದೂವರೆ ಕಪ್ ಆಗುತ್ತದೆ! ಬಾದಾಮಿ ಬರ್ಫಿಯಲ್ಲಿ ಇದೊಂದು ಗೊಂದಲವಾದರೆ ಸಾಕು, ಸಕ್ಕರೆಯ ಲೆಕ್ಕ ಪೂರ್ತಿ ತಪ್ಪಿತು.

ಖರ್ಜೂರದ್ದು ಇದಕ್ಕೆ ತಿರುಗು ಮುರುಗು. ಇಡೀ ಖರ್ಜೂರ ಕಪ್ಪಿನಲ್ಲಿ ಅಡ್ಡಾದಿಡ್ಡಿ ಬಿದ್ದು ತುಂಬಾ ಸಂದಿ ಬಿಡುತ್ತದೆ. ಹೆಚ್ಚಿದರೆ ಹೋಳುಗಳು ಒಂದರೊಳಗೊಂದು ಕೂರುತ್ತವೆ, ಅಂಟಿನಿಂದ ಒಟ್ಟಿಗೆ ಸೇರಿಕೊಳ್ಳುತ್ತವೆ. ಆಗ ಅದೇ ಕಪ್ಪಿಗೆ ತೂಕ ಜಾಸ್ತಿ. ಒಣಗಿದ, ಗಟ್ಟಿ ಕಾಯಿ ಪುಡಿಯಾದರೆ ಉಬ್ಬುತ್ತದೆ, ಮೆತ್ತಗಿನ ಹಣ್ಣು ಹೆಚ್ಚಿದರೆ ಕುಗ್ಗುತ್ತದೆ ಅಂತ ನೆನಪಿಟ್ಟುಕೊಳ್ಳಿ.

ಇನ್ನೊಂದು, ಬೀಜ. "ಕಾಲು ಕೆಜಿ ಖರ್ಜೂರ" ಅಂದಾಗ ಬೀಜ ಸಮೇತವೋ, ಬೀಜ ತೆಗೆದದ್ದೋ ನೋಡಿ. ಬೀಜ ಸುಮಾರು ಹತ್ತರಲ್ಲಿ ಒಂದು ಪಾಲು ತೂಕ ತಿನ್ನುತ್ತದೆ. 250 ಗ್ರಾಂ ಬೀಜದ ಖರ್ಜೂರ ಬಿಡಿಸಿದರೆ ಕೈಗೆ ಸಿಗುವುದು 225 ಗ್ರಾಂ ಆಸುಪಾಸು. ಅಮ್ಮಂದಿರು ಹೇಳುವ ತೂಕ ಸಾಮಾನ್ಯವಾಗಿ ಅಂಗಡಿಯಿಂದ ತಂದಾಗಿನ ತೂಕ, ಬೀಜ ಸಮೇತ.

ನೆನೆಸಿದ ಹಣ್ಣಿಗೂ ಇದೇ ಎಚ್ಚರ. ಕ್ರಿಸ್‌ಮಸ್ ಹೊತ್ತಿಗೆ ಮಂಗಳೂರಿನ ಮನೆಗಳಲ್ಲಿ ಕುಸ್ವಾರ್ (ಹಬ್ಬದ ತಿಂಡಿಗಳು) ಜೊತೆ ಪ್ಲಮ್ ಕೇಕ್ ಮಾಡುತ್ತಾರಲ್ಲ, ಅದಕ್ಕೆ ದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿಗಳನ್ನು ವಾರಗಟ್ಟಲೆ ರಮ್ಮಿನಲ್ಲೋ ಹಣ್ಣಿನ ರಸದಲ್ಲೋ ನೆನೆಹಾಕುತ್ತಾರೆ. ನೆನೆದ ದ್ರಾಕ್ಷಿ ಊದಿಕೊಂಡು ಜಾಗವನ್ನೂ ಜಾಸ್ತಿ ಹಿಡಿಯುತ್ತದೆ, ತೂಕವೂ ಏರುತ್ತದೆ. ಕೇಕಿನ ಅಳತೆ ಬರೆದವರು ಕೊಡುವ ಗ್ರಾಂ ಸಾಮಾನ್ಯವಾಗಿ ಒಣಹಣ್ಣಿನದು. ಆದ್ದರಿಂದ ನೆನೆಹಾಕುವ ಮೊದಲೇ ಅಳೆದು, ಬಾಟಲಿ ಮೇಲೆ ಚೀಟಿ ಅಂಟಿಸಿ: "ಒಣಗಿದ್ದಾಗ 3 ಕಪ್". ಡಿಸೆಂಬರಿನಲ್ಲಿ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಅಂಟೂ ಹಾಗೆಯೇ. ತುಪ್ಪದಲ್ಲಿ ಕರಿದರೆ ಅರಳಿ ಹಲವು ಪಟ್ಟಾಗುತ್ತದೆ. ಕರಿಯುವ ಮೊದಲೇ ಅಳೆಯಿರಿ.

## ಹಂತ 2: ನಿಮ್ಮ ಕಪ್ ಎಷ್ಟು ಹಿಡಿಯುತ್ತದೆ?

ಅಮೆರಿಕದ ಅಳತೆ ಕಪ್ 240 ಮಿ.ಲೀ. (ಕರಾರುವಾಕ್ಕಾಗಿ 236.6). ಆಸ್ಟ್ರೇಲಿಯಾದ್ದು 250. ನಮ್ಮಲ್ಲಿ ಮಾರುವ ಸೆಟ್‌ಗಳಲ್ಲಿ ಎರಡೂ ಸಿಗುತ್ತವೆ, ತಳದಲ್ಲೋ ಹಿಡಿಕೆಯಲ್ಲೋ ಬರೆದಿರುತ್ತದೆ. ಟೀ ಕುಡಿಯುವ ಕಪ್ ಈ ಕೆಲಸಕ್ಕೆ ಬರುವುದಿಲ್ಲ, ಅದು ತುಂಬಾ ಚಿಕ್ಕದು.

ಮನೆಯ ಸ್ಟೀಲ್ ಲೋಟವನ್ನೇ ಅಳತೆಗೆ ಬಳಸುತ್ತೀರಾ? ಒಳ್ಳೆಯದೇ. ಖಾಲಿ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಲೋಟ ಅಷ್ಟೇ ಮಿಲಿಲೀಟರ್. ತಕ್ಕಡಿ ಇಲ್ಲದಿದ್ದರೆ ಹಾಲಿನ ಪ್ಯಾಕೆಟ್ ಇದೆ. ಅರ್ಧ ಲೀಟರ್ ಪ್ಯಾಕೆಟ್ ಒಡೆದು ಲೋಟಕ್ಕೆ ಸುರಿಯಿರಿ. ಸರಿಯಾಗಿ ಎರಡು ಲೋಟ ಆದರೆ ನಿಮ್ಮದು 250 ಮಿ.ಲೀ. ಲೋಟ, ಎರಡೂವರೆ ಆದರೆ 200. ಪ್ಯಾಕೆಟ್ ಮೇಲಿನ ಅಂಕಿ ಮಾತ್ರ ಓದಿಕೊಳ್ಳಿ. 2024ರ ಜೂನ್‌ನಲ್ಲಿ ನಂದಿನಿ ಅರ್ಧ ಲೀಟರ್ ಪ್ಯಾಕೆಟ್ 550 ಮಿ.ಲೀ. ಆಗಿತ್ತು, 2025ರ ಏಪ್ರಿಲ್‌ನಲ್ಲಿ ಮತ್ತೆ 500ಕ್ಕೆ ಬಂತು. ಆ ನಡುವಿನಲ್ಲಿ ಯಾರಾದರೂ ಹೀಗೆ ಲೋಟ ಅಳೆದಿಟ್ಟುಕೊಂಡಿದ್ದರೆ ಇನ್ನೊಮ್ಮೆ ನೋಡಿಬಿಡಿ.

ಚಮಚದ ಲೆಕ್ಕವೂ ಬೇಕಾಗುತ್ತದೆ. ದೊಡ್ಡ ಅಳತೆ ಚಮಚ 15 ಮಿ.ಲೀ., ಚಿಕ್ಕದು 5 ಮಿ.ಲೀ. 240 ಮಿ.ಲೀ. ಕಪ್ಪಿಗೆ 16 ದೊಡ್ಡ ಚಮಚ. ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿ.ಲೀ., ಅಲ್ಲಿರುವವರು ಇದನ್ನು ಗಮನಿಸಿ.

## ಹಂತ 3: ಒಂದೇ ರೀತಿ ತುಂಬಿ

ಅಂಟಿಕೊಂಡ ಹಣ್ಣನ್ನು ಬಿಡಿಸಿ. ಸಡಿಲವಾಗಿ ಸುರಿಯಿರಿ. ಒತ್ತಬೇಡಿ, ಕುಟ್ಟಬೇಡಿ. ಚಾಕುವಿನ ಬೆನ್ನಿನಿಂದ ಸವರಿ. "ಒತ್ತಿ ತುಂಬಿದ ಒಂದು ಕಪ್" ಅಂತ ಬರೆದಿದ್ದರೆ ಮಾತ್ರ ಒತ್ತಿ.

ಮಲೆನಾಡಿನ ಮಳೆಗಾಲದಲ್ಲಿ ಡಬ್ಬದಲ್ಲಿಟ್ಟ ದ್ರಾಕ್ಷಿ ಒಂದೇ ಮುದ್ದೆಯಾಗಿರುತ್ತದೆ. ಆ ಮುದ್ದೆಯನ್ನೇ ಕಪ್ಪಿಗೆ ತುರುಕಿದರೆ ಒತ್ತಿದ ಲೆಕ್ಕವೇ ಆಯಿತು. ಹೆಚ್ಚಿದ ಖರ್ಜೂರ, ಅಂಜೂರ ಕಪ್ಪಿಗೆ ಮೆತ್ತಿಕೊಳ್ಳುವುದರಿಂದ ಕಪ್ಪಿನ ಒಳಗೆ ಒಂದು ಹನಿ ತುಪ್ಪ ಸವರಿಕೊಂಡರೆ ಪೂರ್ತಿ ಹೊರಗೆ ಬರುತ್ತದೆ.

## ಹಂತ 4: ಅಂಕಿಗಳು

240 ಮಿ.ಲೀ. ಕಪ್ಪಿಗೆ, ಸಡಿಲವಾಗಿ ತುಂಬಿದಾಗ, ಸುಮಾರು ಇಷ್ಟು ಗ್ರಾಂ:

ಒಣದ್ರಾಕ್ಷಿ – 145
ಖರ್ಜೂರ, ಬೀಜ ತೆಗೆದು ಹೆಚ್ಚಿದ್ದು – 147
ಒಣ ಅಂಜೂರ – 149
ಆಪ್ರಿಕಾಟ್, ಅರ್ಧ ಹೋಳು – 130
ಪ್ರೂನ್, ಬೀಜ ತೆಗೆದದ್ದು – 174
ಗೋಡಂಬಿ, ಇಡೀ ಮತ್ತು ಅರ್ಧ – 137
ಬಾದಾಮಿ, ಇಡೀ – 143
ಬಾದಾಮಿ, ಉದ್ದಕ್ಕೆ ಸೀಳಿದ್ದು – 108
ಬಾದಾಮಿ, ತೆಳು ಬಿಲ್ಲೆ – 92
ಬಾದಾಮಿ ಪುಡಿ – 95
ಪಿಸ್ತಾ, ಸಿಪ್ಪೆ ಇಲ್ಲದ್ದು – 123
ಅಕ್ರೋಟು, ಅರ್ಧ ಹೋಳು – 100
ಅಕ್ರೋಟು, ಹೆಚ್ಚಿದ್ದು – 117
ಒಣಕೊಬ್ಬರಿ ತುರಿ – 80
ಗಸಗಸೆ – 141

ನಿಮ್ಮ ಕಪ್ 250 ಮಿ.ಲೀ. ಆಗಿದ್ದರೆ ನೂರಕ್ಕೆ ನಾಲ್ಕು ಜಾಸ್ತಿ ಸೇರಿಸಿ: ದ್ರಾಕ್ಷಿ 145 ಇದ್ದದ್ದು 151 ಆಗುತ್ತದೆ. 200 ಮಿ.ಲೀ. ಲೋಟವಾದರೆ ಅಂಕಿಯನ್ನು 6ರಿಂದ ಭಾಗಿಸಿ 5ರಿಂದ ಗುಣಿಸಿ: ದ್ರಾಕ್ಷಿ 121.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇಡೀ ಗೋಡಂಬಿ, ಇಡೀ ಬಾದಾಮಿ, ದ್ರಾಕ್ಷಿ, ಖರ್ಜೂರ, ಅಂಜೂರ ಎಲ್ಲವೂ 137ರಿಂದ 149ರ ಒಳಗೇ ಇವೆ. ಅಂಕಿ ಮರೆತುಹೋಯಿತು, ಪುಸ್ತಕ ಕೈಗೆ ಸಿಗುತ್ತಿಲ್ಲ ಅಂದರೆ ಇವಕ್ಕೆಲ್ಲ "ಕಪ್ಪಿಗೆ 145" ಅಂತ ಹಿಡಿಯಿರಿ. ಪಾಯಸಕ್ಕೆ, ಕೇಸರಿಬಾತಿಗೆ, ಪಲಾವಿಗೆ ಇಷ್ಟು ನಿಖರತೆ ಬೇಕಾದಷ್ಟಾಯಿತು. ಕೊಬ್ಬರಿ, ಪುಡಿ, ತೆಳು ಬಿಲ್ಲೆಗಳನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ಅವೆಲ್ಲ ಹಗುರ. ನನ್ನ ತಂಗಿ ಬಿದ್ದದ್ದೂ ಕೊಬ್ಬರಿಯಲ್ಲೇ.

ಕೊಬ್ಬರಿಯ 80 ಕೂಡ ಸಣ್ಣ ತುರಿಗೆ. ಮನೆಯ ತುರಿಮಣೆಯಲ್ಲಿ ಉದ್ದ ಎಳೆಯಾಗಿ ತುರಿದರೆ ಇನ್ನೂ ಹಗುರಾಗುತ್ತದೆ.

## ಹಂತ 5: ಭಾಗಿಸಿ, ಚಮಚಕ್ಕೆ ತನ್ನಿ

ಲೆಕ್ಕ ಒಂದೇ ಸಾಲಿನದು. ಬೇಕಾದ ಗ್ರಾಂ ಅನ್ನು ಆ ಹಣ್ಣಿನ ಒಂದು ಕಪ್ಪಿನ ಗ್ರಾಂನಿಂದ ಭಾಗಿಸಿ. ಬಂದದ್ದು ಕಪ್. ಪಾಯಿಂಟಿನ ನಂತರ ಉಳಿದದ್ದನ್ನು 16ರಿಂದ ಗುಣಿಸಿದರೆ ದೊಡ್ಡ ಚಮಚ.

200 ಗ್ರಾಂ ದ್ರಾಕ್ಷಿ ಬೇಕು ಅನ್ನಿ. 200 ÷ 145 = 1.38. ಒಂದು ಕಪ್ ಆಯಿತು, ಉಳಿದ 0.38ನ್ನು 16ರಿಂದ ಗುಣಿಸಿದರೆ 6. ಅಂದರೆ ಒಂದು ಕಪ್ ಮತ್ತು ಆರು ದೊಡ್ಡ ಚಮಚ. ಒಂದು ಚಮಚ ದ್ರಾಕ್ಷಿ 9 ಗ್ರಾಂ ಅಂತ ನೆನಪಿದ್ದರೆ ಸಣ್ಣ ಅಳತೆಗೆ ಭಾಗಾಕಾರವೇ ಬೇಡ.

ಈಗ ಅಮ್ಮನ ಅಂಟಿನುಂಡೆಯ ಅಳತೆಯನ್ನು ಕಪ್ಪಿಗೆ ತರೋಣ.

ಕೊಬ್ಬರಿ ತುರಿ 500 ಗ್ರಾಂ: 500 ÷ 80, ಆರೂಕಾಲು ಕಪ್. ಬಾದಾಮಿ 100 ಗ್ರಾಂ: ಇಡೀ ಕಾಯಿ 11 ದೊಡ್ಡ ಚಮಚ, ಪುಡಿ ಮಾಡಿದ ಮೇಲೆ ಒಂದು ಕಪ್ಪಿಗಿಂತ ಒಂದು ಚೂರು ಜಾಸ್ತಿ. ಗೋಡಂಬಿ 100 ಗ್ರಾಂ: ಮುಕ್ಕಾಲು ಕಪ್ಪಿಗೆ ಸ್ವಲ್ಪ ಕಡಿಮೆ. ದ್ರಾಕ್ಷಿ 100 ಗ್ರಾಂ: 11 ದೊಡ್ಡ ಚಮಚ. ಗಸಗಸೆ 50 ಗ್ರಾಂ: ಐದೂವರೆಯಿಂದ ಆರು ದೊಡ್ಡ ಚಮಚ. (ದುಬೈ ಕಡೆ ಹೊರಟವರು ದಯವಿಟ್ಟು ಗಸಗಸೆ ಕಟ್ಟಿಕೊಂಡು ಹೋಗಬೇಡಿ. ಅಲ್ಲಿ ಅದಕ್ಕೆ ನಿಷೇಧವಿದೆ, ಉಂಡೆಯೊಳಗೆ ಹಾಕಿ ಒಯ್ಯುವುದೂ ಬೇಡ.)

ಉತ್ತತ್ತಿ, ಅಂಟು, ಬೆಲ್ಲ ಈ ಮೂರನ್ನು ನಾನು ಕಪ್ಪಿಗೆ ತರುವುದಿಲ್ಲ. ಉತ್ತತ್ತಿ ಒಂದೊಂದು ಒಂದೊಂದು ಗಾತ್ರ, ಕುಟ್ಟಿದರೆ ಒಂದಿಷ್ಟು ಪುಡಿ, ಒಂದಿಷ್ಟು ನಾರು. ಬೆಲ್ಲ ಅಚ್ಚಿನದೋ ಪುಡಿಯೋ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಪಾಕದ ವಿಷಯದಲ್ಲಿ ಅಂದಾಜು ಮಾಡುವ ಧೈರ್ಯ ನನಗಿಲ್ಲ. ಈ ಮೂರನ್ನೂ ತೂಕ ಬರೆದಿರುವ ಪ್ಯಾಕೆಟ್ ತಂದು ಬಳಸಿ. ಬೆಲ್ಲದ ಪ್ಯಾಕೆಟ್ 400 ಗ್ರಾಂನದ್ದೇ ಸಿಕ್ಕಿದರೆ ಉಳಿದೆಲ್ಲವನ್ನೂ ಐದರಲ್ಲಿ ನಾಲ್ಕು ಪಾಲಿಗೆ ಇಳಿಸಿಕೊಳ್ಳಿ: ಕೊಬ್ಬರಿ ಐದು ಕಪ್, ದ್ರಾಕ್ಷಿ ಒಂಬತ್ತು ಚಮಚ, ಹೀಗೆ. ಗೋಕಾಕ, ಅಮೀನಗಡದ ಕರದಂಟಿನಂಥದ್ದನ್ನು ಮನೆಯಲ್ಲಿ ಮಾಡುವವರಿಗೂ ಇದೇ ಮಾತು. ಬೆಲ್ಲಕ್ಕೂ ಒಣಹಣ್ಣಿಗೂ ಇರುವ ತೂಕದ ಜೋಡಿ ಕೆಡಬಾರದು.

## ತಕ್ಕಡಿಯೇ ಇಲ್ಲದಿದ್ದರೆ

ಮೇಲಿನ ಅಂಕಿಗಳು ನಿಮ್ಮ ಮನೆಯ ದ್ರಾಕ್ಷಿಗೆ ಸ್ವಲ್ಪ ಆಚೀಚೆ ಆಗಬಹುದು. ವಿಜಯಪುರ ಕಡೆಯ ಉದ್ದ ಹಸಿರು ದ್ರಾಕ್ಷಿ ಕಪ್ಪಿನಲ್ಲಿ ಕೂರುವ ರೀತಿ ಬೇರೆ, ಸಣ್ಣ ಕಪ್ಪು ದ್ರಾಕ್ಷಿ ಕೂರುವ ರೀತಿ ಬೇರೆ. ನಿಮ್ಮದೇ ಅಂಕಿ ಕಂಡುಕೊಳ್ಳಲು ಸುಲಭ ದಾರಿ ಇದೆ. ಒಡೆಯದ ಪ್ಯಾಕೆಟ್ ತೆಗೆದುಕೊಳ್ಳಿ, ಮೇಲೆ ನಿವ್ವಳ ತೂಕ ಓದಿ. 250 ಗ್ರಾಂ ಅನ್ನಿ. ಅದನ್ನು ಪೂರ್ತಿ ಕಪ್ಪಿನಿಂದ, ಕೊನೆಗೆ ಚಮಚದಿಂದ ಅಳೆಯಿರಿ. ಒಂದು ಕಪ್ ಮತ್ತು 11 ಚಮಚ ಬಂತು ಅಂದರೆ ಒಟ್ಟು 27 ಚಮಚ. 250 ÷ 27 × 16 = 148. ನಿಮ್ಮ ದ್ರಾಕ್ಷಿ ಕಪ್ಪಿಗೆ 148 ಗ್ರಾಂ.

ಊರಿನಲ್ಲಿ ಇದ್ದರೆ ಇನ್ನೂ ಸುಲಭ. ಕಿರಾಣಿ ಅಂಗಡಿಯಲ್ಲಿ ಬಿಡಿ ಗೋಡಂಬಿ 100 ಗ್ರಾಂ ತೂಗಿಸಿಕೊಂಡು ಬಂದು ಮನೆಯಲ್ಲಿ ಕಪ್ಪಿಗೆ ಸುರಿದು ನೋಡಿ.

## ಹೊರದೇಶದ ಅಳತೆ ಓದುವಾಗ

ಔನ್ಸ್ ಅನ್ನುವ ಪದ ಎರಡು ಕೆಲಸ ಮಾಡುತ್ತದೆ. ತೂಕದ ಔನ್ಸ್ 28.35 ಗ್ರಾಂ. ದ್ರವದ ಔನ್ಸ್ ಸುಮಾರು 30 ಮಿ.ಲೀ. "8 ಔನ್ಸ್ ಅಂದರೆ ಒಂದು ಕಪ್" ಅನ್ನುವುದು ಹಾಲಿಗೆ, ನೀರಿಗೆ. 8 ಔನ್ಸ್ ದ್ರಾಕ್ಷಿ ಅಂದರೆ 227 ಗ್ರಾಂ, ಅದು ಒಂದೂವರೆ ಕಪ್ ಮತ್ತು ಒಂದು ಚಮಚ. ಹಳೇ ಇಂಗ್ಲಿಷ್ ಕೇಕ್‌ಗಳಲ್ಲಿ "ಒಂದು ಪೌಂಡ್ ದ್ರಾಕ್ಷಿ" ಅಂತಿರುತ್ತದೆ. ಪೌಂಡ್ 454 ಗ್ರಾಂ, ಅಂದರೆ ಮೂರು ಕಪ್ ಮತ್ತು ಎರಡು ಚಮಚ.

## ಅಜ್ಜಿಯ ಅಳತೆ ಸಿಕ್ಕಿದರೆ

ಹಳೇ ನೋಟ್‌ಬುಕ್‌ಗಳಲ್ಲಿ ಸೇರು, ಪಾವು, ಚಟಾಕು ಇರುತ್ತವೆ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಬಂದದ್ದು 1956ರಲ್ಲಿ, ಆದರೆ ಅಡುಗೆಮನೆಗಳು ಹಳೆಯದನ್ನು ತುಂಬಾ ವರ್ಷ ಬಿಡಲಿಲ್ಲ. ತೂಕದ ಸೇರು 80 ತೊಲ, ಅಂದರೆ 933 ಗ್ರಾಂ. ತೂಕದ ಚಟಾಕು 5 ತೊಲ, 58 ಗ್ರಾಂ. ಹಾಗಾಗಿ "ಚಟಾಕು ದ್ರಾಕ್ಷಿ" ತೂಕದ್ದಾದರೆ ಆರೂವರೆ ದೊಡ್ಡ ಚಮಚ.

ಅಳತೆಯ ಸೇರು, ಪಾವು ಬೇರೆ. ಅವು ಪಾತ್ರೆಗಳು, ಕಪ್ಪಿನ ಹಾಗೆ ಜಾಗವನ್ನು ಅಳೆಯುವಂಥವು, ಊರಿಂದೂರಿಗೆ ಗಾತ್ರ ಬದಲಾಗುತ್ತಿತ್ತು. ಮನೆಯಲ್ಲಿ ಅಜ್ಜಿಯ ಹಿತ್ತಾಳೆ ಪಾವು ಇನ್ನೂ ಇದ್ದರೆ ಅದೃಷ್ಟವಂತರು ನೀವು. ಅದಕ್ಕೆ ನೀರು ತುಂಬಿ ಎಷ್ಟು ಮಿ.ಲೀ. ಅಂತ ನೋಡಿಕೊಳ್ಳಿ. ಅಜ್ಜಿ ಆ ಪಾವಿನಲ್ಲೇ ಅಳೆದು ಬರೆಸಿದ ಅಡುಗೆಗಳನ್ನು ಅದೇ ಪಾವಿನಲ್ಲಿ ಅಳೆದರೆ ಯಾವ ಅಂಕಿಯೂ ಬೇಕಿಲ್ಲ.

ನಾನು ನನ್ನ ಪಟ್ಟಿಯನ್ನು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಪ್ರತಿ ಸಾಲಿನಲ್ಲಿ ಹಣ್ಣಿನ ಹೆಸರು, ಇಡೀದೋ ಹೆಚ್ಚಿದ್ದೋ ಪುಡಿಯೋ, ಕಪ್ಪಿಗೆ ಎಷ್ಟು ಗ್ರಾಂ ಅಂತ ಬರೆದಿದೆ. ತಂಗಿ ಅದರ ಫೋಟೋ ತರಿಸಿಕೊಂಡು ಇನ್ನೊಮ್ಮೆ ಉಂಡೆ ಕಟ್ಟಿದಳು. ಈ ಸಲ ಕೊಬ್ಬರಿ ಆರೂಕಾಲು ಕಪ್. ವಿಡಿಯೋ ಕಾಲ್‌ನಲ್ಲಿ ಒಂದು ಉಂಡೆಯನ್ನು ಕ್ಯಾಮೆರಾ ಮುಂದೆ ಹಿಡಿದು ಎರಡು ಬೆರಳಿನಿಂದ ಮುರಿದು ತೋರಿಸಿದಳು. ಮೆತ್ತಗೆ ಮುರಿಯಿತು, ನಡುವೆ ಅರಳಿದ ಅಂಟು ಬೆಳ್ಳಗೆ ಕಾಣುತ್ತಿತ್ತು.